ಜೇಡ ಸಾಕಿದವರು

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ನಿವೃತ್ತ ಟೈಪಿಸ್ಟರನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಅವರು ಜೇಡ ಸಾಕಿದ್ದರು. ಬಲೆ ಕಟ್ಟುವ ಜೇಡವಲ್ಲ, ಮಣ್ಣಿನಲ್ಲಿ ಬಿಲ ತೋಡಿಕೊಂಡು ತಿಂಗಳುಗಟ್ಟಲೆ ಮುಖ ತೋರಿಸದ ಅಂಗೈಯಗಲದ ಜೇಡ. ಗಾಜಿನ ಪೆಟ್ಟಿಗೆಯಲ್ಲಿ ನಮಗೆ ಕಾಣುತ್ತಿದ್ದದ್ದು ಬರೀ ಮಣ್ಣು. ಅವರು ಮಾತ್ರ ದಿನಾ ಬೆಳಿಗ್ಗೆ ಪುಟ್ಟ ಬಟ್ಟಲಿಗೆ ನೀರು ಹಾಕುವರು, ಮಣ್ಣಿನ ತೇವ ಮುಟ್ಟಿ ನೋಡುವರು, ಕೋಣೆಯಲ್ಲಿ ತುದಿಗಾಲಲ್ಲೇ ಓಡಾಡುವರು. ನನ್ನ ಹೆಂಡತಿ ಬಾಗಿಲು ದಡಾರನೆ ಹಾಕಿದರೆ ಕೆಳಗಿಳಿದು ಬಂದು, "ಸ್ವಲ್ಪ ಮೆಲ್ಲಗೆ ಹಾಕ್ತೀಯೇನಮ್ಮಾ? ಅವಳು ಬೆಚ್ಚಿಬೀಳ್ತಾಳೆ," ಎನ್ನುವರು. ಒಳಗೆ ಏನೂ ಇಲ್ಲ, ಇವರಿಗೇ ತಲೆ ಕೆಟ್ಟಿದೆ ಎಂದು ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಒಮ್ಮೆ ತಮ್ಮ ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಹೊರಟವರು ಬೀಗದ ಕೈ ನನಗೆ ಕೊಟ್ಟು, "ನೀರು ಹಾಕಿದ್ರೆ ಸಾಕು ಸಾರ್. ಪೊರೆ ಬಿಡೋ ಸಮಯ, ಮೈ ತುಂಬಾ ಮೆತ್ತಗಿರುತ್ತೆ. ಮಣ್ಣು ಮಾತ್ರ ಕೆದಕಬೇಡಿ," ಎಂದರು. ನಾಲ್ಕು ದಿನ ತಡೆದುಕೊಂಡೆ. ಐದನೆಯ ದಿನ, ಅವರ ಸುಳ್ಳನ್ನು ಬಯಲು ಮಾಡಿಯೇ ಬಿಡೋಣವೆಂದು ಚಮಚ ಹಿಡಿದು ಬಿಲ ಕೆದಕಿದೆ. ಅದು ಅಲ್ಲೇ ಇತ್ತು. ಆಗಷ್ಟೇ ಪೊರೆ ಬಿಟ್ಟ ಬಿಳಚಿದ ಜೀವ. ಚಮಚದ ಅಂಚು ತಾಗಿ ಒಂದು ಕಾಲು ಕಳಚಿ ಬಂತು. ಗಾಬರಿಯಲ್ಲಿ ಹಗುರಾಗಿ ಮಣ್ಣೆಳೆದು ಮುಚ್ಚಿದೆ. ಊರಿಂದ ಬಂದವರು ಪೆಟ್ಟಿಗೆಯ ಮುಂದೆ ತುಂಬ ಹೊತ್ತು ಕೂತರು. ಅವರು ಕೇಳುವ ಮೊದಲೇ ನಾನು, "ಮುಟ್ಟೇ ಇಲ್ಲ ಸಾರ್," ಎಂದೆ. ಅವರು ತಲೆಯಾಡಿಸಿದರು. ಎರಡು ವಾರದ ಮೇಲೆ ಜೇಡ ಏಳೇ ಕಾಲಲ್ಲಿ ಹೊರಗೆ ಬಂದಾಗ ನನ್ನನ್ನೇ ಕರೆದು ತೋರಿಸಿದರು. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಮುಂದಿನ ಸಲ ಪೊರೆ ಬಿಟ್ಟಾಗ ಕಾಲು ಮತ್ತೆ ಬರುತ್ತೆ. ನೀವು ಮನಸ್ಸಿಗೆ ಹಚ್ಕೋಬೇಡಿ ಸಾರ್," ಎಂದರು.