ಅಪ್ಪನ ಬ್ಯಾಂಡಿನ ಎಂಟು ಮಟ್ಟುಗಳು

ಆಗ ನಮ್ಮ ಶಿರಾದ ಮದುವೆಗಳಿಗೆ ಡಿಜೆ ಬಂದಿರಲಿಲ್ಲ. ದಿಬ್ಬಣವೆಂದರೆ ಅಪ್ಪನ ಬ್ಯಾಂಡ್ ಸೆಟ್ಟು. ಅಪ್ಪನದು ಟ್ರಂಪೆಟ್, ರಹೀಂ ಚಾಚಾನದು ಸ್ಯಾಕ್ಸೊಫೋನ್, ಮಧುಗಿರಿಯ ನಂಜುಂಡಣ್ಣನದು ಟ್ರಾಂಬೋನ್. ಹಿಂದೆ ಇಬ್ಬರು ಡ್ರಮ್ಮಿನವರು. ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ತಾವೇ ಕಟ್ಟಿದ ಎಂಟು ಮಟ್ಟುಗಳನ್ನು ಸಿ.ಡಿ. ಮಾಡಿಸಲು ಅಪ್ಪ ಹೊರಟರು. ಹಾಡುವವರಿಲ್ಲ, ಬರೀ ಊದುವುದು. ಕೇಳಿದವರ ಕಾಲು ತಾನಾಗಿಯೇ ಕುಣಿಯಬೇಕು.

ದಿನವೂ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಅಭ್ಯಾಸ. ನಾನೂ ತಂಗಿಯೂ ಹುಣಸೆಹುಳಿ ಹಚ್ಚಿ ಹಿತ್ತಾಳೆ ವಾದ್ಯಗಳನ್ನು ಉಜ್ಜುತ್ತಿದ್ದೆವು. ಕೈಯೆಲ್ಲ ಹುಳಿ ವಾಸನೆ. ಅಮ್ಮ ಬೇಯಿಸಿದ ಕಡಲೆಕಾಯಿ ತಂದಿಟ್ಟರೂ, ಚೂರು ವಾದ್ಯದೊಳಗೆ ಹೋದೀತೆಂದು ಊದುವವರು ಮುಟ್ಟುತ್ತಿರಲಿಲ್ಲ. ಎಲ್ಲ ನಮ್ಮ ಪಾಲೇ. ತಿಂದು, ಪರಂಗಿ ಎಲೆಯ ದಂಟು ಮುರಿದುಕೊಂಡು ನಾವೂ ಊದುತ್ತ ಅವರ ಸುತ್ತ ಮೆರವಣಿಗೆ ಹೊರಡುತ್ತಿದ್ದೆವು. ಮೂರನೆಯ ಮಟ್ಟಿನಲ್ಲಿ ಒಂದು ಕಡೆ ಮೂವರೂ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಿದ್ದರು. ಆ ಸದ್ದಿಗೇ ನನಗೆ ಮೈ ಜುಮ್ಮೆನ್ನುತ್ತಿತ್ತು.

ತುಮಕೂರಿನ ಒಂದು ಸ್ಟುಡಿಯೊದಲ್ಲಿ ಇಡೀ ದಿನ ಊದಿ ಬಂದರು. ತಿಂಗಳ ಮೇಲೆ ಸಿ.ಡಿ. ಬಂತು. ಎಲ್ಲರೂ ನಮ್ಮ ನಡುಮನೆಯಲ್ಲಿ ಕೂತರು. ಡ್ರಮ್ ಕೇಳಿಸಿತು. ಮಟ್ಟು ಅಪ್ಪನದೇ, ಆದರೆ ನುಡಿಯುತ್ತಿದ್ದುದು ಕೀಬೋರ್ಡು. ಎಂಟರಲ್ಲೂ ಅದೇ.

ಅಪ್ಪ ಸ್ಟುಡಿಯೊದವನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳಿಸಿತು.

"ಊದೋದ್ನ ಈಗ ಯಾರ್ ಕೇಳ್ತಾರೆ ಯಜಮಾನ್ರೆ? ಅದ್ಕೇ ನಾನೇ ಕೀಬೋರ್ಡಲ್ಲಿ ನುಡಿಸ್ದೆ."

"ನಾವ್ ಊದಿದ್ದು?"

"ಅಳಿಸ್ಬುಟ್ಟೆ."

"ಬುಡಣ್ಣ, ಇನ್ನೊಂದ್ ಸಲ ಹೋಗಿ ಊದ್ಕಂಡ್ ಬರಾಣ," ಎಂದರು ಚಾಚಾ.

"ಯಾರೂ ಕೇಳಲ್ಲ ಅಂದ್ನಲ್ಲ ಕಣೋ ಅವ್ನು," ಎಂದರು ಅಪ್ಪ.

ಆಮೇಲೆ ಜನ ಕೇಳಿದ ಹಾಡು ಊದಿದರೇ ಹೊರತು ಆ ಎಂಟನ್ನು ಅವರು ಮುಟ್ಟಲಿಲ್ಲ. ಕೆಲವೇ ವರ್ಷಗಳಲ್ಲಿ ಡಿಜೆ ಬಂದು ಸೆಟ್ಟೇ ಚದುರಿತು. ನಂಜುಂಡಣ್ಣ ಹೂವಿನ ಅಂಗಡಿ ಇಟ್ಟರು. ಚಾಚಾ ತೀರಿಕೊಂಡರು.

ಅಪ್ಪನಿಗೆ ಈಗ ಮುಂದಿನ ಹಲ್ಲುಗಳಿಲ್ಲ, ಊದಲಾಗದು. ಹೋದ ಯುಗಾದಿಗೆ ಊರಿಗೆ ಹೋದಾಗ, "ಆ ಮೂರನೇದು ಒಂಚೂರು ಗುನುಗಪ್ಪ, ಫೋನಲ್ಲಿ ಹಿಡ್ಕೋತೀನಿ," ಎಂದೆ. ಅಪ್ಪ ಕಣ್ಣು ಮುಚ್ಚಿ ಶುರುಮಾಡಿದರು. ಸ್ವಲ್ಪ ಹೊತ್ತಿಗೇ ನಿಲ್ಲಿಸಿದರು.

"ಇದು ಅವನ್ ಕೀಬೋರ್ಡಿಂದು ಕಣಮ್ಮ, ಉಸಿರೆಳೆಯೋ ಜಾಗ್ವೇ ಇಲ್ಲ. ನಮ್ದು ಹೆಂಗಿತ್ತು?"

ನನಗೂ ನೆನಪಿಗೆ ಬರಲಿಲ್ಲ. ಮಧುಗಿರಿಗೆ ಫೋನ್ ಮಾಡಿ ನಂಜುಂಡಣ್ಣನನ್ನು ಕೇಳಿದೆ. "ಯಾವ್ ಮೂರನೇದಮ್ಮ?" ಎಂದರು.

ಸಿ.ಡಿ. ಮನೆಯಲ್ಲೇ ಇದೆ, ಹಾಕಿದರೆ ಇವತ್ತಿಗೂ ಸ್ಪಷ್ಟವಾಗಿ ಕೇಳಿಸುತ್ತದೆ. ಮೂವರೂ ಕೂಡಿ ಊದಿದ್ದು ಎಲ್ಲೂ ಇಲ್ಲ. ನಮ್ಮ ಕಿವಿಯಲ್ಲೂ ಇಲ್ಲ.