ಅತ್ತೆ ತಿಕ್ಕಿದ ಅಮೆರಿಕನ್ ಕಾರು

ಹೋದ ಶನಿವಾರ ನನ್ನ ಅತ್ತೆ ಒಂದು ಕಾರಿನ ಬೆಲೆಯನ್ನು ಎರಡೇ ಗಂಟೆಯಲ್ಲಿ ಇಳಿಸಿಬಿಟ್ಟರು. ಎಲ್ಲೂ ಗುದ್ದಿ ಅಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ.

ಕಾರು ನನ್ನ ಗಂಡ ಬಸವರಾಜನದು. ಅವನು ಇಲ್ಲಿ ಲಂಡನ್ನಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಚಿಕ್ಕಂದಿನಲ್ಲಿ ಧಾರವಾಡದ ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ ಇಂಥದೊಂದು ಅಮೆರಿಕದ ದೊಡ್ಡ ಎಂಜಿನ್ನಿನ ಮಸಲ್ ಕಾರು ನೋಡಿದ್ದನಂತೆ. ಹನ್ನೊಂದು ವರ್ಷದ ಹಿಂದೆ ಅದನ್ನೇ ಹುಡುಕಿ, ಲಾರಿಯ ಮೇಲೆ ಹೇರಿಸಿಕೊಂಡು ಕ್ರೋಯ್ಡನ್‌ನ ನಮ್ಮ ಮನೆಗೆ ತಂದ. ಅರವತ್ತರ ದಶಕದ ಕನ್ವರ್ಟಿಬಲ್. ಬಣ್ಣ ಕೆಂಪು. (ಒಂದು ಕಾಲದಲ್ಲಿ.) ಮಡಚುವ ಛಾವಣಿ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಪೂರ್ತಿ ತೆರೆಯದು, ಪೂರ್ತಿ ಮುಚ್ಚದು. ಲಂಡನ್ ಮಳೆಗೆ ಹೇಳಿ ಮಾಡಿಸಿದ ಗಾಡಿ!

"ಬರೋ ಸಮ್ಮರ್‌ನಾಗ ರಿಪೇರಿ ಮಾಡ್ತೀನಿ" ಅಂದ. ಹನ್ನೊಂದು ಸಮ್ಮರ್ ಹೋದವು. ಕಾರು ಗರಾಜಿನಲ್ಲೇ ಧೂಳು ಹೊದ್ದು ಮಲಗಿತ್ತು. ಅರಿವಳಿಕೆ ಡಾಕ್ಟರ ಕಾರು, ಏಳುವುದು ಹೇಗೆ?

ಅತ್ತೆ ವರ್ಷದಲ್ಲಿ ಆರು ತಿಂಗಳು ನಮ್ಮ ಜೊತೆ ಇರುತ್ತಾರೆ. ಈ ಸಲ ಅವರ ಮಂಡಿ ಕೈಕೊಟ್ಟಿದೆ. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ಅವರು ಕೆಳಗಿನ ಸೋಫಾದಲ್ಲೇ ಮುದುಡಿ ಮಲಗುವುದನ್ನು ನಾಲ್ಕು ದಿನ ನೋಡಿದ ಬಸವರಾಜ, ಐದನೆಯ ದಿನ ಗರಾಜನ್ನು ಅವ್ವನ ಕೋಣೆ ಮಾಡಿಸಲು ನಿರ್ಧರಿಸಿದ. ಹಾಗಾದರೆ ಕಾರು? ಮಾರುವುದು.

ಜಾಹೀರಾತನ್ನು ಕ್ಷಮೆ ಕೇಳುವ ಧಾಟಿಯಲ್ಲೇ ಬರೆದ. ಏನೂ ರಿಪೇರಿ ಮಾಡಿಲ್ಲ, ಬಣ್ಣ ಹೊಡೆಸಿಲ್ಲ, ಇದ್ದದ್ದು ಇದ್ದ ಹಾಗೇ ಇದೆ. ಮರುದಿನದಿಂದ ಫೋನೋ ಫೋನು! ಎಲ್ಲರದೂ ಒಂದೇ ಪ್ರಶ್ನೆ. "ನಿಜವಾಗಿಯೂ ಮುಟ್ಟಿಲ್ಲವೇ?" ಹಳೆ ಕಾರಿನ ಹುಚ್ಚಿರುವವರಿಗೆ ಮುಟ್ಟದ ಕಾರು ಎಂದರೆ ಬಂಗಾರವಂತೆ. ನನ್ನ ಗಂಡನ ಸೋಮಾರಿತನಕ್ಕೂ ಮಾರ್ಕೆಟ್ಟಿನಲ್ಲಿ ಮರ್ಯಾದೆ ಇದೆ ಎಂದು ಮದುವೆಯಾದ ಇಷ್ಟು ವರ್ಷಕ್ಕೆ ನನಗೆ ಗೊತ್ತಾಯಿತು.

ಕೆಂಟ್ ಕಡೆಯ ಒಬ್ಬ ಬಿಳಿ ಸಾಹೇಬ ಒಳ್ಳೆಯ ಬೆಲೆಗೆ ಒಪ್ಪಿಕೊಂಡ. ಒಂದೇ ಷರತ್ತು: ಧೂಳನ್ನೂ ಒರೆಸಬಾರದು.

ಈ ಷರತ್ತನ್ನು ಅತ್ತೆಗೆ ಯಾರೂ ಹೇಳಲಿಲ್ಲ. (ಮನೆಯ ಹಿರಿಯರಿಗೆ ನಾವು ಹೇಳುವುದಾದರೂ ಏನನ್ನು?)

ಶನಿವಾರ ಬೆಳಿಗ್ಗೆ ಬಸವರಾಜ ಆಸ್ಪತ್ರೆಗೆ ಹೋಗಿದ್ದ, ನಾನು ತರಕಾರಿಗೆ. ಹದಿನೇಳರ ಮಗಳು ಸಿರಿ ಇನ್ನೂ ಹಾಸಿಗೆಯಲ್ಲಿದ್ದಳು. ನಾನು ವಾಪಸು ಬರುವಾಗ ಅತ್ತೆ ಗರಾಜಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ಪಾತ್ರೆ ತಿಕ್ಕುವ ನಾರು. ಕಾರಿನ ಎಡಭಾಗ ಫಳಫಳ. ಡಿಕ್ಕಿಯ ಮೇಲೆ, ಕಾರನ್ನು ಮೊದಲು ಮಾರಿದ ಅಮೆರಿಕದ ಯಾವುದೋ ಊರಿನ ಅಂಗಡಿಯವನು ಕೈಯಲ್ಲಿ ಬರೆಸಿದ್ದ ಬಂಗಾರದ ಅಕ್ಷರಗಳು ಪೂರ್ತಿ ಮಾಯ.

"ಅಯ್ಯೋ ಅತ್ತೆ, ಯಾಕೆ ತೊಳೆದ್ರಿ?"

"ನನ್ನ ಸಲುವಾಗಿ ಮಾರಾಕತ್ತಾನ. ನಾಕ ದುಡ್ಡ ಹೆಚ್ಚ ಬರಲಿ ಅಂದ್ನಿ. ಹೆಣ್ಣ ನೋಡಾಕ ಬರ್ತಾರಂದ್ರ ಮಾರಿ ತೊಳಸೂದಿಲ್ಲೇನು?"

ಅಷ್ಟರಲ್ಲಿ ಬಸವರಾಜನೂ ಬಂದ, ಬೆನ್ನಿಗೇ ಟ್ರೇಲರ್ ಎಳೆದುಕೊಂಡು ಸಾಹೇಬನೂ ಬಂದ. ಬಸವರಾಜ ಕಾರು ನೋಡಿದ. ಬಕೆಟ್ಟು ನೋಡಿದ. ನೀರಿನಲ್ಲಿ ನೆನೆದು ಸುಕ್ಕಾದ ಅವ್ವನ ಬೆರಳು ನೋಡಿದ.

ಸಾಹೇಬ ಡಿಕ್ಕಿಯ ಮೇಲೆ ಕೈಯಾಡಿಸಿ, "ಯಾರು ಮಾಡಿದ್ದು ಇದನ್ನು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನಾನೇ" ಅಂದ ಬಸವರಾಜ.

ಆಮೇಲೆ ಶುರುವಾಯಿತು ನೋಡಿ. ಇಷ್ಟು ವರ್ಷ ಉಳಿದು ಬಂದದ್ದನ್ನು ಒಂದು ಬೆಳಿಗ್ಗೆಯಲ್ಲಿ ಹಾಳು ಮಾಡಿದಿರಿ, ಡಾಕ್ಟರಂತೆ, ಓದಿದವರಂತೆ, ನಾಚಿಕೆಯಾಗಬೇಕು. ಆಪರೇಶನ್ ಥಿಯೇಟರಿನಲ್ಲಿ ಸರ್ಜನ್ನುಗಳನ್ನೇ ಗದರುವ ನನ್ನ ಗಂಡ ತಲೆ ತಗ್ಗಿಸಿ ಮೂರು ಸಲ ಸಾರಿ ಅಂದ.

"ಏನಂತಾನೋ ಬಸ್ಯಾ?" ಸ್ಟೂಲಿನ ಮೇಲಿಂದ ಅತ್ತೆ.

"ಭಾಳ ಚಲೋ ತೊಳದೀರಿ ಅಂತಾನವ್ವ."

"ಮತ್ತ ಮಾರಿ ಯಾಕ ಹಂಗ ಮಾಡ್ಯಾನ?"

"ಈ ಮಂದಿ ಮಾರೀನ ಹಂಗ."

ಅತ್ತೆಗೆ ನಂಬಿಕೆ ಬರಲಿಲ್ಲ. ಗದ್ದಲಕ್ಕೆ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳ ಕಡೆ ತಿರುಗಿ, "ಖರೇನ ಏನವಾ?" ಅಂದರು. ಸಿರಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಮುಚ್ಚುಮರೆ ಗೊತ್ತಿಲ್ಲದ ಹುಡುಗಿ.

ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ನಿಧಾನವಾಗಿ, ಅಕ್ಷರ ಅಕ್ಷರ ಜೋಡಿಸಿದಂತೆ ಹೇಳಿದಳು: "ಖರೇ ಅಜ್ಜಿ. ಭಾಳ ಚಲೋ ಆಗೇತಂತ."

ವರ್ಷಗಳಿಂದ ಕನ್ನಡ ಮಾತಾಡು ಎಂದು ಅವಳನ್ನು ಗೋಗರೆದಿದ್ದೇನೆ. ಕೊನೆಗೂ ಮಾತಾಡಿದಳು. ಶುದ್ಧ ಸುಳ್ಳು!

ಸಾಹೇಬ ಗೊಣಗುತ್ತಲೇ ಬೆಲೆ ಇಳಿಸಿದ, ಗೊಣಗುತ್ತಲೇ ಕೊಂಡ. ಬಲಭಾಗದ ಧೂಳನ್ನಷ್ಟೇ ಹತ್ತಾರು ಫೋಟೊ ತೆಗೆದುಕೊಂಡ. ಟ್ರೇಲರ್ ತಿರುವಿನಲ್ಲಿ ಮರೆಯಾಗುವ ತನಕ ಬಸವರಾಜ ಗೇಟಿನಲ್ಲೇ ನಿಂತಿದ್ದ. ಅವನ ಕಣ್ಣು ತೇವವಾಗಿತ್ತು. ಕಾರಿಗೋ, ಅವ್ವನಿಗೋ, ನಾನು ಕೇಳಲಿಲ್ಲ.

"ಇನ್ನೊಂದ ತಾಸ ಸಿಕ್ಕಿದ್ರ ಆ ಕಡೀನೂ ತಿಕ್ಕಿ ಬಿಡ್ತಿದ್ನಿ" ಎಂದು ಅತ್ತೆ ಪೇಚಾಡಿದರು.

"ಹೌದವ್ವ, ಚೂರರಾಗ ತಪ್ಪಿತು" ಅಂದ ಮಗ.

ಅಂದು ನಮ್ಮ ಮನೆಯಂಗಳದಲ್ಲಿ ನಿಜ ಹೇಳಿದವನು ಆ ಸಾಹೇಬ ಒಬ್ಬನೇ. ಪುಣ್ಯಕ್ಕೆ, ಇಂಗ್ಲಿಷಿನಲ್ಲಿ ಹೇಳಿದ.