ಯಾರೂ ಬಿಡದ ಕೆಲಸ

ವಾಡಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ನನ್ನ ನೌಕರಿ. ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟರು, ಅದು ಇದ್ದವರಲ್ಲಿ ನೂರಕ್ಕೆ ಎಷ್ಟು ಎಂದು ಲೆಕ್ಕ ಹಾಕಿ ಹೆಡ್ಡಾಫೀಸಿಗೆ ಕಳಿಸಬೇಕು. ಬರೀ ಭಾಗಾಕಾರಕ್ಕೆ ಇಷ್ಟು ಓದಬೇಕಿತ್ತೇ ಎಂದು ನನ್ನ ಹೆಂಡತಿ ಕಾಡುತ್ತಿದ್ದಳು.

ನಮ್ಮಲ್ಲಿ ಲಾರಿಗೆ ಚೀಲ ಹೊರುವವರೆಲ್ಲ ಗುತ್ತಿಗೆಯವರು. ಅವರು ಕಾಯಂ ಆಗಬಾರದೆಂದು ಗುತ್ತಿಗೆದಾರ ವರ್ಷಕ್ಕೊಮ್ಮೆ ಎಲ್ಲರ ಹೆಸರು ತೆಗೆದು, ಕೆಲವು ದಿನ ಬಿಟ್ಟು, ಹೊಸಬರೆಂದು ಮತ್ತೆ ಸೇರಿಸಿಕೊಳ್ಳುತ್ತಿದ್ದ. ಇದಕ್ಕೆ ಬ್ರೇಕ್ ಎನ್ನುತ್ತಿದ್ದರು. ಬ್ರೇಕನ್ನು ತೊಗರಿ ಕೊಯ್ದು ರಾಶಿ ಮಾಡುವ ಕಾಲಕ್ಕೇ ಕೊಡಿ ಎಂದು ಕೇಳಿಕೊಂಡವರು ಮಾತ್ರ ಕಾರ್ಮಿಕರೇ. ಹೊಲದ ಕೆಲಸ ಮುಗಿಸಿ, ನಾಲವಾರದಿಂದ ಅದೇ ರೈಲಿಗೆ, ಅದೇ ಬುತ್ತಿ ಹಿಡಿದು ಬರುತ್ತಿದ್ದರು.

ಹೆಡ್ಡಾಫೀಸಿಗೆ ಹೊಸದಾಗಿ ಬಂದ ಸಾಹೇಬರು ನನ್ನ ಅಂಕಿ ನೋಡಿ ಗಾಬರಿಯಾದರು. ಚೀಲ ಹೊರುವ ಈ ವಿಭಾಗದಲ್ಲಿ ಪ್ರತಿ ಚಳಿಗಾಲ ಎಲ್ಲರೂ ಕೆಲಸ ಬಿಟ್ಟು ಹೋಗುತ್ತಾರಲ್ಲ! ಯಾರೂ ಬಿಟ್ಟಿಲ್ಲ ಸಾರ್, ಹೆಸರಷ್ಟೇ ತೆಗೆದಿರುತ್ತಾರೆ ಎಂದು ವಿವರಿಸಿದೆ. ಹೆಸರು ತೆಗೆದ ಮೇಲೆ ಬಿಟ್ಟ ಹಾಗೆಯೇ ಅಲ್ಲವೇ ಎಂದರು. ನಿಲ್ಲದ ಜನರನ್ನು ನಂಬಿ ಕೂರುವುದಕ್ಕಿಂತ ಚೀಲ ಹೇರುವ ಮಷಿನ್ ತರಿಸೋಣ ಎಂದು ತೀರ್ಮಾನವೂ ಆಯಿತು. ನನಗೆ ಮೈಯೆಲ್ಲ ಉರಿಯಿತು. ಆದರೆ ಮೈ ಉರಿದರೆ ಯಾರು ಕೇಳುತ್ತಾರೆ?

ಸುದ್ದಿ ತಿಳಿದು ಹಮಾಲರ ಪೈಕಿ ಎಲ್ಲರಿಗಿಂತ ಹಳಬ ನನ್ನ ಬಳಿ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಾವ್ ನಿಲ್ಲಂಗಿಲ್ಲಂತ ಮಷಿನ್ ತರಾಕತ್ತಾರಂತ, ಖರೇ ಏನ್ರಿ ಸಾಹೇಬ್ರ?"

ಹೌದೆಂದೆ.

"ಮೀಸಿ ಕರ್ರಗ ಇದ್ದಾಗ ಬಂದಂವ ನಾ. ಈಗ ನೋಡ್ರಿ. ನಾ ಯಾವಾಗ ಬಿಟ್ಟೀನ್ರಿ?"

ಲೆಕ್ಕದ ಪ್ರಕಾರ ನೀನು ಪ್ರತಿ ವರ್ಷ ಬಿಟ್ಟಿದ್ದೀಯ ಎಂದು ಆ ಮುಖಕ್ಕೆ ಹೇಳುವುದು ಹೇಗೆ? ನಾನು ಸುಮ್ಮನೆ ಕೂತಿದ್ದನ್ನು ಅವನು ಬೇರೆಯಾಗಿಯೇ ತಿಳಿದುಕೊಂಡ. ದನಿ ಇಳಿಸಿ ಕೇಳಿದ:

"ರಾಶಿಗಿ ಹೋಗಿದ್ದು ತಪ್ಪಾಯ್ತೇನ್ರಿ? ಇನ್ನ ಮ್ಯಾಲ ಹೋಗಂಗಿಲ್ಲಂತ ಹೇಳ್ರಿ. ಹೊಲ ಯಾರಿಗರ ಪಾಲಿಗಿ ಹಚ್ಚತೀವಿ. ಇಷ್ಟ್ ಹೇಳಿ ನೋಡ್ರಿ, ಭಾಳ ಉಪಕಾರ ಆಗ್ತದ."

ತಪ್ಪು ನಿನ್ನದಲ್ಲ ಎಂದೆ. ಅವನು ನಂಬಲಿಲ್ಲ. ಅವನ ಮಾತನ್ನೇ ಹೆಡ್ಡಾಫೀಸಿಗೆ ಬರೆದೆ, ಫೋನಿನಲ್ಲೂ ಹೇಳಿದೆ. ಆರ್ಡರ್ ಹೋಗಿಯಾಗಿದೆ ಎಂದರು. ಮಷಿನ್ ಬಂತು. ಅವರ ಗೇಟ್‌ಪಾಸುಗಳನ್ನು ವಾಪಸು ಪಡೆಯುವ ಕೆಲಸವೂ ನನ್ನ ಪಾಲಿಗೇ ಬಂತು.

ಮುಂದಿನ ವರ್ಷ ಆ ವಿಭಾಗದಲ್ಲಿ ಕೆಲಸ ಬಿಟ್ಟವರು ಸೊನ್ನೆ. ಅಂಕಿ ಕಳಿಸಿದ ದಿನವೇ ಹೊಸ ಸಾಹೇಬರಿಂದ ನನಗೆ ಅಭಿನಂದನೆಯ ಮೇಲ್ ಬಂತು. ಥ್ಯಾಂಕ್ಯೂ ಸಾರ್ ಎಂದು ಉತ್ತರ ಬರೆದೆ. ಬೇರೇನು ಬರೆಯಲಿ?